ಬೋಟಿನಡಿಯ ಬಿಳಿ ದೀಪ

ಚಳ್ಳಕೆರೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಶಾರದಮ್ಮ ಮಿಕ್ಸಿ ರಿಪೇರಿಗೆ ಕೊಟ್ಟು ಕಾಯುತ್ತಿದ್ದಳು. ಬೇರೆಯವರ ಮಾತಿಗೆ ಕಿವಿಗೊಡುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೆ ಪಕ್ಕದಲ್ಲಿದ್ದ ಗಂಡ ಹೆಂಡತಿ ಮೆಲ್ಲಗೆ ಮಾತಾಡುವ ಪೈಕಿಯವರಾಗಿರಲಿಲ್ಲ. ಊರ ಕೆರೆಯಲ್ಲಿ ವಿಹಾರಕ್ಕೆಂದು ಕೊಂಡ ಬೋಟಿಗೆ, ನೀರೊಳಗೆ ಉರಿಯುವ ಎಲ್‌ಇಡಿ ದೀಪ ನೋಡುತ್ತಿದ್ದರು.

“ನೀಲಿ ತಗೊಳ್ಳೋಣ ಗಂಗಾ. ವಿಡಿಯೋದಾಗೆ ನೋಡಿದೆಯಲ್ಲ, ನೀರೆಲ್ಲ ಹೆಂಗೆ ಹೊಳೀತಿತ್ತು!”

“ಅದು ಗೋವಾ ಸಮುದ್ರ ಕಣ್ರಿ. ನೀಲಿ ಬೆಳಕಿನಾಗೆ ನಮ್ಮ ಕೆರೆ ತಳ ಕಾಣ್ತೈತಾ?”

“ತಳ ಯಾಕೆ ಕಾಣ್ಬೇಕು?”

“ತಳ ಕಾಣದ ನೀರಿಗೆ ನಾನು ಬರಲ್ಲ. ಬಿಳೀದು ತಗೊಳ್ರಿ.”

“ಬಿಳೀದು ಹಾಕಿದ್ರೆ ತಳದಾಗಿನ ಜಾಲಿ ಬೊಡ್ಡೆ ಸಮೇತ ಕಾಣ್ತೈತೆ ಕಣೆ. ಭಾನುವಾರ ಸಂಜೆ ಬೀಗರು ಬರ್ತಾರೆ.”

“ಬೀಗರಿಗೆ ಎಷ್ಟು ಆಳ ಅಂತ ಹೇಳಿದೀರಿ?”

“ಮೂವತ್ತಡಿ.”

“ಇರೋದು?”

“ಎದೆ ಮಟ್ಟ.”

“ಅಯ್ಯೋ ಶಿವನೇ!”

“ನಗಬ್ಯಾಡ. ಮನೆಯವಳೇ ದಡದಾಗೆ ನಿಂತ್ರೆ ಬೀಗರು ಬೋಟು ಹತ್ತುತಾರಾ? ನೀನು ಕೂರ್ಲೇಬೇಕು.”

“ಹಂಗಾದ್ರೆ ಬಿಳೀದು. ನಿಮಗೆ ಮೂವತ್ತಡಿ ಬೇಕೋ, ನಾನು ಬೇಕೋ?”

ಗಂಡ ನೀಲಿ ದೀಪವನ್ನು ಇನ್ನೊಮ್ಮೆ ಹೊತ್ತಿಸಿ ನೋಡಿ, ಆರಿಸಿ, ಪಕ್ಕಕ್ಕೆ ಸರಿಸಿದ.

“ಬಿಳೀದೇ ಕೊಡಪ್ಪ.”

ದೀಪದ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲಿಳಿಯುವಾಗ ಹೆಂಡತಿ ಥಟ್ಟನೆ ನಿಂತಳು.

“ಎದೆ ಮಟ್ಟ ಅಂದ್ರಲ್ಲ, ಯಾರ ಎದೆ? ನಿಮ್ದೋ, ನಂದೋ?”

“ನಮ್ಮ ಪಾಲಣ್ಣನ ಎಮ್ಮೇದು.”

ಅವಳು ನಿಶ್ಚಿಂತೆಯಿಂದ ಸ್ಕೂಟರ್ ಹತ್ತಿ ಕೂತಳು.