ಬಾಗಿಲ ಮೇಲೆ ಹೊರಿಸಿದ ತಪ್ಪು

ನಂಬಿಕೆ ಎಂದರೆ ಕೈ ಮುಗಿಯುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಇರಬಹುದು. ಆದರೆ ತಾಯಂದಿರೇ, ಕೈ ಮುಗಿದು ನಿಂತವಳ ಬಾಯಲ್ಲಿ ಸುಳ್ಳಿದ್ದರೆ? ಆಗಲೂ ಅದನ್ನು ನಂಬಿಕೆ ಎನ್ನಬಹುದೇ? ಈ ಪ್ರಶ್ನೆ ಬಹಳ ದಿನದಿಂದ ನನ್ನನ್ನು ಗೊಂದಲಕ್ಕೆ ಕೆಡವಿದೆ. ನೇರ ಉತ್ತರ ನನ್ನ ಹತ್ತಿರ ಇಲ್ಲ. ಒಂದು ಕಥೆ ಇದೆ, ಅದನ್ನು ಹೇಳುತ್ತೇನೆ. ಉತ್ತರವನ್ನು ನೀವೂ ನನ್ನ ಜೊತೆ ಹುಡುಕಿ.

ಮನೆಗೊಂದು ಮಗ್ಗ ಇರುವ ಊರಿನಲ್ಲಿ ಒಬ್ಬ ನೇಕಾರ ಹೆಣ್ಣುಮಗಳು ಇದ್ದಳು. ಅವಳ ಹೆಸರು ಬೇಡ. ಅವಳ ಬೆಕ್ಕಿನ ಹೆಸರು ಹೇಳುತ್ತೇನೆ, ಕಂಡಿಕಿ. ಲಾಳಿಯೊಳಗೆ ಇಡುವ ನೂಲಿನ ಸುರುಳಿಯ ಹಾಗೆ ದುಂಡಗೆ ಸುತ್ತಿಕೊಂಡು ಮಲಗುತ್ತಿತ್ತು, ಅದಕ್ಕೆ ಆ ಹೆಸರು.

ನೋಡ್ರಿ, ನೇಕಾರರ ಮನೆಗೆ ಬೆಕ್ಕು ಸುಮ್ಮನೆ ಬರುವುದಿಲ್ಲ. ಮಗ್ಗಕ್ಕೆ ಉದ್ದಕ್ಕೆ ಬಿಗಿಯುವ ಹಾಸಿನ ನೂಲಿಗೆ ಗಂಜಿ ಹಾಕಿರುತ್ತೇವೆ. ಗಂಜಿಯ ವಾಸನೆಗೆ ಇಲಿ ಬರುತ್ತದೆ. ಒಂದು ಇಲಿ ಒಂದು ಸಲ ಬಾಯಿ ಹಾಕಿದರೆ ಎಷ್ಟು ಎಳೆ ಹೋಗುತ್ತವೆ ಎಂಬುದು ಇಲ್ಲಿ ಕೂತವರಿಗೆ ನಾನು ಹೇಳಬೇಕಾಗಿಲ್ಲ. ಇಲಿ ಬೇಡ ಎಂದರೆ ಬೆಕ್ಕು ಬೇಕು. ಬೆಕ್ಕು ಬೇಕು ಎಂದರೆ ಅದರ ಉಗುರೂ ಮನೆಗೆ ಬಂತು. ಕಂಡಿಕಿ ನಾಲ್ಕು ವರ್ಷ ಇಲಿ ಹಿಡಿಯಿತು. ಒಂದು ದಿನ ಅಲುಗಾಡುವ ಹಾಸಿನ ಮೇಲೆ ಹಾರಿತು. ಎಳೆಗಳು ಹರಿದವು. ಒಂದೊಂದನ್ನೇ ಹುಡುಕಿ ಗಂಟು ಹಾಕುವುದರಲ್ಲಿ ಹೆಣ್ಣುಮಗಳ ಅತ್ತೆಯ ಮಧ್ಯಾಹ್ನ ಕಳೆಯಿತು. ಮರುವಾರ ಮತ್ತೆ ಹಾರಿತು.

ಅತ್ತೆ ಕೂಗಾಡಲಿಲ್ಲ. ಗಂಟು ಹಾಕುತ್ತಲೇ ಹೇಳಿದಳು. "ಹೊಸ ಹಾಸು ಮಗ್ಗಕ್ಕ ಏರೂದರೊಳಗ ಇದರ ಉಗುರು ಹೋಗಬೇಕು. ಇಲ್ಲಾಂದ್ರ ಇದು ಹೋಗಬೇಕು."

ಹೊಸ ಹಾಸು ಏರಲು ಎಂಟು ದಿನ ಇತ್ತು. ಎಂಟು ದಿನದಲ್ಲಿ ಉಗುರಿನ ಕೆಲಸ ಆಗದಿದ್ದರೆ ಗಂಡ ಬೆಕ್ಕನ್ನು ಚೀಲದಲ್ಲಿ ಹಾಕಿ ಊರಾಚೆಯ ದಲಾಲಿ ಅಂಗಡಿಗಳ ಹತ್ತಿರ ಬಿಟ್ಟು ಬರುವುದು ಎಂದು ಮಾತಾಯಿತು.

ಹೆಣ್ಣುಮಗಳು ಯಾರನ್ನು ಕೇಳಬೇಕು? ಸಿಕ್ಕವರನ್ನೆಲ್ಲ ಕೇಳಿದಳು. ಪಕ್ಕದ ಮನೆಯವಳು ಒರಟು ಕಲ್ಲಿಗೆ ತಿಕ್ಕು ಎಂದಳು. ಕಿರಾಣಿ ಅಂಗಡಿಯವನು ಬೇವಿನೆಣ್ಣೆ ಹಚ್ಚಿದರೆ ಮೆತ್ತಗಾಗುತ್ತದೆ ಎಂದ. ಗಂಡ, ಉಗುರು ತೆಗೆದರೆ ಇಲಿಯನ್ನು ಹೇಗೆ ಹಿಡಿಯುತ್ತದೆ ಎಂದು ಕೇಳಿ ಎದ್ದು ಹೋದ. ತಮ್ಮ ಕಾಲದಲ್ಲಿ ಬೆಕ್ಕಿಗೆ ಯಾರೂ ಇಂಥ ಸೇವೆ ಮಾಡುತ್ತಿರಲಿಲ್ಲ ಎಂದು ಅತ್ತೆ ಅಂದಳು. ಎಲ್ಲರ ಮಾತೂ ಒಂದಿಷ್ಟು ಸರಿ ಅನ್ನಿಸಿತು. ಯಾವ ಮಾತೂ ಪೂರ್ತಿ ಸರಿ ಅನ್ನಿಸಲಿಲ್ಲ. ನಮಗೂ ಹೀಗೇ ಆಗುವುದಿಲ್ಲವೇ? ಹತ್ತು ಜನರನ್ನು ಕೇಳುತ್ತೇವೆ, ಗೊತ್ತಿರುವ ಒಬ್ಬರನ್ನು ಬಿಟ್ಟು.

ಕೊನೆಗೆ ಅವಳು ತನಗೆ ಬರುವ ಕೆಲಸವನ್ನೇ ಮಾಡಿದಳು. ನೇಯ್ದ ಸೀರೆಯ ಮೇಲೆ ಉಳಿದ ನೂಲಿನ ತುದಿಗಳನ್ನು ಕತ್ತರಿಸುವ ಕತ್ತರಿ ತೆಗೆದುಕೊಂಡಳು. ಆ ತುದಿಗಳನ್ನು ಹೇಗೆ ಕತ್ತರಿಸುತ್ತೀರಿ ತಾಯಂದಿರೇ? ಬಟ್ಟೆಗೆ ತಾಗುವ ಹಾಗೆ, ಬುಡಕ್ಕೆ ಹತ್ತಿ ಕತ್ತರಿಸುತ್ತೀರಿ. ಸ್ವಲ್ಪ ಉಳಿದರೂ ಕೈಗೆ ತಗಲುತ್ತದೆ, ಕೆಲಸ ಗೊತ್ತಿಲ್ಲ ಅನ್ನುತ್ತಾರೆ. ಮದುವೆಯಾಗಿ ಬಂದಂದಿನಿಂದ ಅದೇ ಕೆಲಸ ಮಾಡಿದ ಕೈ ಅದು. ಆ ಕೈ ಕಂಡಿಕಿಯ ಮುಂಗಾಲು ಹಿಡಿಯಿತು. ಮೊದಲ ಉಗುರನ್ನು ಬುಡಕ್ಕೆ ಹತ್ತಿ ಕತ್ತರಿಸಿತು.

ಬೆಕ್ಕು ಕಿರುಚಿದ್ದು ಬೀದಿಗೆ ಕೇಳಿಸಿತು. ಅವಳು ಉಟ್ಟ ಸೀರೆಯ ಮೇಲೆ ರಕ್ತ. ಕಂಡಿಕಿ ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿಯೊಳಗೆ ಹೋಗಿ ಕೂತಿತು. ಹಾಲು ಇಟ್ಟರೂ ಬರಲಿಲ್ಲ. ಅವಳು ಅಲ್ಲಿಗೇ ಇಳಿದು ಅರಿಶಿನ ಮೆತ್ತಿದಳು. ಯಾರಿಗೂ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಬೆರಳು ಊದಿತು, ಬೆಕ್ಕು ಊಟ ಬಿಟ್ಟಿತು.

ಆ ಊರಲ್ಲಿ ಇದ್ದದ್ದು ಒಂದೇ ದನದ ದವಾಖಾನೆ. ದನ ನೋಡುವವರಿಗೆ ಬೆಕ್ಕಿನದು ಏನು ತಿಳಿದೀತು ಎಂಬ ಅನುಮಾನದಲ್ಲೇ ಅವಳು ನೂಲಿನ ಬುಟ್ಟಿಯಲ್ಲಿ ಕಂಡಿಕಿಯನ್ನು ಮುಚ್ಚಿಕೊಂಡು ಹೋದಳು. ಅಲ್ಲಿ ಆಡು ಹಿಡಿದು ನಿಂತಿದ್ದ ಒಬ್ಬ ಮುದುಕ ಬುಟ್ಟಿಯೊಳಗೆ ಇಣುಕಿ ನೋಡಿದ. "ಇದು ಹೊತ್ತಿಗೆ ಎಷ್ಟು ಲೀಟರ್ ಕೊಡತೈತಿ ತಂಗಿ?" ಎಂದ. ಎಲ್ಲರೂ ನಕ್ಕರು. ಅವಳಿಗೆ ಅಲ್ಲಿಂದಲೇ ತಿರುಗಿ ಹೋಗೋಣ ಅನ್ನಿಸಿತು.

ಬುಟ್ಟಿಯನ್ನು ಮೇಜಿನ ಮೇಲಿಟ್ಟು ಅವಳು ಕೈ ಮುಗಿದಳು. ಡಾಕ್ಟರು ಬೆರಳು ನೋಡಿ ಏನಾಯಿತು ಎಂದು ಕೇಳಿದರು.

"ಬಾಗಿಲಿಗೆ ಸಿಕ್ಕಿತ್ರಿ," ಅಂದಳು.

ಯಾಕೆ ಹಾಗೆ ಹೇಳಿದಳು? ಅವಳಿಗೇ ಗೊತ್ತಿಲ್ಲ. ಬರುವಾಗ ದಾರಿಯಲ್ಲಿ ಯೋಚಿಸಿದ ಸುಳ್ಳಲ್ಲ ಅದು. ಬಾಯಿ ತೆರೆದಾಗ ಅದೇ ಬಂತು. ಒಂದು ಸಲ ಬಂದ ಮೇಲೆ ಅದು ಅಲ್ಲೇ ಕೂತುಬಿಟ್ಟಿತು.

ಈಗ ನೋಡ್ರಿ, ಆ ಒಂದು ಮಾತು ಎಲ್ಲಿಗೆ ಹೋಯಿತು. ಬಾಗಿಲಿಗೆ ಸಿಕ್ಕಿದ್ದರೆ ಬೆರಳಿನ ಎಲುಬು ಜಜ್ಜಿರಬಹುದು ಎಂದರು ಡಾಕ್ಟರು. ಜಿಲ್ಲಾ ಪಶು ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಬೇಕು, ಎಲುಬು ಕೆಟ್ಟಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದು ಚೀಟಿ ಬರೆದುಕೊಟ್ಟರು. ಅವರು ತಪ್ಪು ಮಾಡಿದರೇ? ಇಲ್ಲ. ಅವಳ ಮಾತನ್ನು ಅವರು ನಂಬಿದರು, ಅಷ್ಟೇ. ಅವಳು ಅವರನ್ನು ನಂಬಲಿಲ್ಲ, ಅವರು ಅವಳನ್ನು ನಂಬಿದರು.

ಅಷ್ಟರಲ್ಲಿ ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿದೆ ಎಂದು ಕರೆ ಬಂತು. ಡಾಕ್ಟರು ಚೀಲ ಹಿಡಿದು ಹೊರಟರು. ಗಾಯ ತೊಳೆದು ಕಟ್ಟುವ ಕೆಲಸ ಅಲ್ಲಿದ್ದ ಸಹಾಯಕಿಯದು. ನರ್ಸಮ್ಮನಿಗೆ ಅನ್ನುವ ಹಾಗೆ ಅವರನ್ನೂ ಎಲ್ಲರೂ ಬಾಯಾರು ಎಂದು ಕರೆಯುತ್ತಿದ್ದರು. ಹೋರಿಗಳನ್ನು ಹಿಡಿದು ಹಿಡಿದು ಒರಟಾದ ಕೈ ಅವರದು. ಹೆಣ್ಣುಮಗಳು ಬೆಕ್ಕನ್ನು ಆ ಕೈಗೆ ಕೊಡಲಿಲ್ಲ. ತನ್ನ ಕೈಯಲ್ಲೇ ಇರಲಿ, ಹೊರಗಿನವರನ್ನು ಕಂಡರೆ ಅದು ಹೆದರುತ್ತದೆ ಎಂದಳು.

"ಹೆದರಿದ್ದು ಬೆಕ್ಕಲ್ಲ. ಬಿಡವಾ," ಅಂದರು ಬಾಯಾರು.

ಅವಳು ಬಿಟ್ಟಳು. ಬಾಯಾರು ಬೆಕ್ಕನ್ನು ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿ, ತಲೆ ಮತ್ತು ಒಂದು ಕಾಲು ಮಾತ್ರ ಹೊರಗೆ ಬಿಟ್ಟರು. ಕಂಡಿಕಿ ಒಂದು ಸಲ ಗುರ್ ಎಂದಿತು. ಆಮೇಲೆ ಸುಮ್ಮನಾಯಿತು. ನಾಲ್ಕು ವರ್ಷ ಹಾಲು ಹಾಕಿದ ಕೈಯಲ್ಲಿ ಕಿರುಚಿದ ಬೆಕ್ಕು, ಇವತ್ತು ಕಂಡ ಕೈಯಲ್ಲಿ ಸುಮ್ಮನಿದೆ. ಹೆಣ್ಣುಮಗಳಿಗೆ ಹೊಟ್ಟೆ ತಣ್ಣಗಾಯಿತೋ, ಉರಿಯಿತೋ? ಎರಡೂ ಆಯಿತು ಅಂತ ಕಾಣುತ್ತದೆ.

ಬಾಯಾರು ಅರಿಶಿನ ತೊಳೆದರು. ಉಗುರನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವಳ ಮುಖ ನೋಡಲಿಲ್ಲ.

"ಬಾಗಿಲು ಜಜ್ಜತೈತಿ. ಇಷ್ಟು ನೇರ ಕತ್ತರಿಸೂದಿಲ್ಲ," ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಯಾವ ಕತ್ತರಿ, ಅವ್ವಾ?"

ಹೆಣ್ಣುಮಗಳ ಒಂದು ಕೈ ಟವೆಲ್ಲಿನ ಅಂಚಿನಲ್ಲಿತ್ತು. ಕಂಡಿಕಿ ಕತ್ತು ಚಾಚಿ ಆ ಕೈಯ ಹೆಬ್ಬೆರಳನ್ನು ನೆಕ್ಕಿತು. ಕತ್ತರಿ ಹಿಡಿದದ್ದು ಅದೇ ಹೆಬ್ಬೆರಳು. ಬೆಕ್ಕಿಗೆ ಅದು ಗೊತ್ತಿರಲಿಲ್ಲವೇ? ಎಲ್ಲರಿಗಿಂತ ಚೆನ್ನಾಗಿ ಅದಕ್ಕೇ ಗೊತ್ತಿತ್ತು. ಹೇಳಲು ಮಾತ್ರ ಬಾಯಿರಲಿಲ್ಲ.

"ಬಾಗಿಲಲ್ರಿ," ಅಂದಳು. "ನಾನಾ ಕತ್ತರಿಸಿದ್ದು. ಸೀರಿ ತುದಿ ತಗಿಯೂ ಕತ್ತರಿಲೆ."

ಬಾಯಾರು ಬೈಯಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರು ಕಾಯಲು ಹೇಳಿದರು. ಕಾಯುವ ಹೊತ್ತಿನಲ್ಲಿ ಬಾಯಾರು ಅವಳನ್ನು ಹತ್ತಿರ ಕೂರಿಸಿಕೊಂಡು ಬೇರೆ ಕಾಲನ್ನು ತೋರಿಸಿದರು. ಪಾದದ ಮೆತ್ತೆಯನ್ನು ಹಗುರವಾಗಿ ಒತ್ತಿದರೆ ಉಗುರು ತಾನೇ ಹೊರಗೆ ಬರುತ್ತದೆ.

"ಒಳಗ ಗುಲಾಬಿ ಬಣ್ಣ ಕಾಣತೈತಲ್ಲ, ಅಲ್ಲೀ ತನಕ ಜೀವ ಐತಿ. ಮುಂದಿನ ಬಿಳೇ ತುದಿ, ಅಷ್ಟ ನಿಂದು."

ಬೆಕ್ಕಿನ ಉಗುರು ತೆಗೆಯುವ ಕತ್ತರಿಯೇ ಬೇರೆ ಇರುತ್ತದೆ, ಬಟ್ಟೆಯ ಕತ್ತರಿ ಬೇಡ ಎಂದರು. ದಿನಕ್ಕೆ ಎರಡು ಉಗುರು ತೆಗೆದರೂ ಸಾಕು. ಕಾಲು ಎಳೆದುಕೊಂಡರೆ ಬಿಟ್ಟುಬಿಡು, ನಾಳೆ ಇದೆ. ಅಕಸ್ಮಾತ್ ರಕ್ತ ಬಂದರೆ ಸ್ವಚ್ಛ ಅರಿವೆ ಒತ್ತಿ ಹಿಡಿ, ನಿಲ್ಲದಿದ್ದರೆ ಇಲ್ಲಿಗೆ ಬಾ. ಗಾಯವಿಲ್ಲದ ಮೂರು ಕಾಲಿನ ಉಗುರು ತುದಿಗಳನ್ನು ಅವರೇ ತೆಗೆದು ತೋರಿಸಿದರು. ಕೊನೆಯ ಎರಡನ್ನು ಅವಳ ಕೈಯಿಂದ ತೆಗೆಸಿದರು. ಅವಳು ಬೆಳಕಿಗೆ ಹಿಡಿದು, ಬಿಳಿ ತುದಿ ನೋಡಿ ಕತ್ತರಿಸಿದಳು. ಬೆಕ್ಕು ಕಿರುಚಲಿಲ್ಲ.

ಡಾಕ್ಟರು ಬಂದು ಬೆರಳನ್ನು ಮತ್ತೆ ಮುಟ್ಟಿ ನೋಡಿದರು. ಎಲುಬು ಸರಿಯಿತ್ತು. ಇಂಜೆಕ್ಷನ್ ಕೊಟ್ಟು, ಐದು ದಿನದ ಔಷಧಿ ಬರೆದು, ಮೊದಲಿನ ಚೀಟಿ ಹರಿದು ಹಾಕಿದರು.

ಮನೆಗೆ ಬಂದವಳು ಮಗ್ಗದ ಮುಂದೆ ಕೂತಿದ್ದ ಅತ್ತೆಗೂ ನಿಜ ಹೇಳಿದಳು. ಬೈಗಳು ಬರುತ್ತವೆ ಎಂದು ಕಾದಳು. ಅತ್ತೆ ಲಾಳಿ ನಿಲ್ಲಿಸಿದಳು. "ಬುಡಕ್ಕ ಹತ್ತಿ ಕತ್ತರಿಸು, ಹತ್ತಿ ಕತ್ತರಿಸು ಅಂತ ನಿನಗ ಕಲಿಸಿದಾಕಿ ನಾನಾ ಅಲ್ಲೇನು," ಎಂದಳು. ಎಂಟನೆಯ ದಿನ ಹೊಸ ಹಾಸು ಮಗ್ಗಕ್ಕೆ ಏರಿತು. ಬೆಕ್ಕನ್ನು ಹಾಕಿ ಒಯ್ಯಲು ಇಟ್ಟ ಚೀಲ ಗೂಟದಲ್ಲೇ ತೂಗುತ್ತಿತ್ತು. ಕಂಡಿಕಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಅತ್ತೆಯ ಪಕ್ಕದಲ್ಲಿ ಮಲಗಿತ್ತು.

ಕಥೆ ಇಷ್ಟೇ. ನನಗೆ ಇನ್ನೂ ಒಂದು ತಿಳಿಯುವುದಿಲ್ಲ. ಪ್ರೀತಿ ಇದ್ದ ಕೈ ಯಾಕೆ ನೋಯಿಸಿತು? ನೋಯಿಸಿದ ಕೈಯನ್ನು ಆ ಪ್ರಾಣಿ ಯಾಕೆ ನೆಕ್ಕಿತು? ತಿಳಿದವರು ಇದ್ದರೆ ಹೇಳಿ. ಆದರೆ ಒಂದು ಮಾತ್ರ ತಿಳಿದಿದೆ. ಅವಳು ಹೋಗಬೇಕಾದಲ್ಲಿಗೆ ಹೋಗಿದ್ದಳು, ಕೈ ಮುಗಿದಿದ್ದಳು. ಆದರೂ "ನಾನಾ" ಎನ್ನುವ ತನಕ ಅಲ್ಲಿ ಯಾವ ಔಷಧಿಯೂ ಸರಿಯಾಗಿ ಸಿಗಲಿಲ್ಲ.

ಈಗ ನಮ್ಮ ಮಾತು. ಕೂಸಿಗೆ ಜ್ವರ ಬಂದಾಗ ಏನು ಕೊಟ್ಟಿರಿ ಎಂದು ನರ್ಸ್ ಬಾಯಾರು ಕೇಳಿದರೆ, ಏನೂ ಕೊಟ್ಟಿಲ್ಲ ಎನ್ನುವವರು ನಮ್ಮಲ್ಲಿ ಇಲ್ಲವೇ? ಹಾಸಿಗೆ ಹಿಡಿದ ಮಾವನಿಗೆ ಎರಡು ದಿನ ಮಾತ್ರೆ ತಪ್ಪಿಸಿ, ತಪ್ಪದೆ ಕೊಟ್ಟಿದ್ದೇನೆ ಎಂದವರು? ನೀವು ಕೈ ಎತ್ತುವುದು ಬೇಡ. ನಾನೂ ಎತ್ತುವುದಿಲ್ಲ. ನಾಳೆಯಿಂದ ಹೀಗೆ ಮಾಡೋಣ. ಗೊತ್ತಿಲ್ಲದ ಕೆಲಸಕ್ಕೆ ಗೊತ್ತಿರುವ ಕತ್ತರಿ ಹಿಡಿಯುವ ಮೊದಲು ಕಲಿತವರನ್ನು ಕೇಳೋಣ. ಅವರು ಬಿಡು ಎಂದರೆ ಕೈ ಬಿಡೋಣ. ಏನಾಯಿತು ಎಂದು ಕೇಳಿದರೆ ಆದದ್ದನ್ನೇ ಹೇಳೋಣ. ದೇವರ ಮುಂದೆ ನಿಂತಾಗಲೂ ಅಷ್ಟೇ, ಬಾಗಿಲ ಹೆಸರು ಹೇಳುವುದು ಬೇಡ.

ಯಾಕೆಂದರೆ ತಾಯಂದಿರೇ, ಬೆಕ್ಕಿಗೆ ಬಾಯಿಲ್ಲ. ಕೂಸಿಗೆ ಬಾಯಿಲ್ಲ. ಮಲಗಿದವರಿಗೆ ಬಾಯಿದ್ದೂ ಇಲ್ಲ. ದವಾಖಾನೆಯ ಮೆಟ್ಟಿಲು ಹತ್ತಿದಾಗ ಅವರ ಬಾಯಿ ನೀವೇ.