ಒಂದೇ ಸರಪಳಿ, ಎರಡು ಮತ

ಕಡಲ್ಗಳ್ಳರು ಹಿಡಿದು ತಂದಿದ್ದ ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸಿಕೊಂಡು ಹೋಗಲು ಸ್ಪೇನಿನ ಪಾದ್ರಿಗಳು ನಮ್ಮ ಅಲ್ಜೀರ್ಸಿಗೆ ಬಂದಿದ್ದರು. ಬಿಡಿಸುವುದು ಕ್ಯಾಥೊಲಿಕರನ್ನು ಮಾತ್ರ. ಹೆಸರು ಬರೆಸಲು ನಿಂತಿದ್ದ ಸೆರೆಯಾಳುಗಳ ಸಾಲಿಗೆ ನಾನು ನೀರು ಹಂಚುತ್ತಿದ್ದೆ. ಒಂದೇ ಸರಪಳಿಯಲ್ಲಿ ಕೈಗೆ ಕೈ ಬಿಗಿಸಿಕೊಂಡಿದ್ದ ಇಬ್ಬರು ಪಿಸುಗುಡುತ್ತಿದ್ದರು. ಬಾಲ್ತಸಾರ್ ಸ್ಪೇನಿನವನು, ಸಕ್ಕರೆ ಹಡಗಿನಲ್ಲಿ ಸಿಕ್ಕಿಬಿದ್ದವನು. ಹಂಫ್ರಿ ಇಂಗ್ಲೆಂಡಿನ ಉಣ್ಣೆ ವ್ಯಾಪಾರಿ, ಪ್ರಾಟೆಸ್ಟಂಟ್.

“ಮರಿಯಾ ಮಾತೆಗೆ ನಮಸ್ಕಾರ ಅಂತ ಶುರುಮಾಡು,” ಎಂದ ಬಾಲ್ತಸಾರ್.

“ನಾವು ಅವಳಿಗೆ ಪ್ರಾರ್ಥನೆ ಮಾಡಲ್ಲ ಮಾರಾಯ.”

“ಹಾಗಾದ್ರೆ ಇಲ್ಲೇ ಕಲ್ಲು ಹೊರು.”

“ಮರಿಯಾ ಮಾತೆಗೆ ನಮಸ್ಕಾರ. ಊರಲ್ಲಿ ಹೀಗಂದ್ರೆ ನನ್ನ ಹೆಂಡ್ತಿ ಮನೆಯೊಳಗೆ ಬಿಡಲ್ಲ.”

“ಊರು ಮುಟ್ಟಿದ ಮೇಲೆ ಮರೆತುಬಿಡು. ಈಗ ಎದೆ ಮೇಲೆ ಶಿಲುಬೆ ಗುರುತು ಹಾಕು. ಅಯ್ಯೋ, ಎಡಗೈಯಲ್ಲಲ್ಲ!”

“ಬಲಗೈನ ನಿನ್ನ ಕೈಗೆ ಬಿಗಿದಿದಾರಲ್ಲೋ!”

“ಎತ್ತು, ನನ್ನದೂ ಜೊತೆಗೆ ಬರುತ್ತೆ.”

“ನಿಮ್ಮೂರಲ್ಲಿ ಸಿಕ್ಕಿದ್ರೆ ಪ್ರಾಟೆಸ್ಟಂಟ್ ಅಂತ ನನ್ನ ಸುಡ್ತಿದ್ರಿ. ಇಲ್ಲಿ ಯಾಕೆ ಕಲಿಸ್ತೀಯ?”

“ಮೂರು ವರ್ಷ ಜೊತೆಗೆ ಕಲ್ಲು ಹೊತ್ತಿದೀವಿ. ನೀನಿಲ್ದಿದ್ರೆ ದಾರಿಯುದ್ದ ಯಾರ ಜೊತೆ ಜಗಳ ಆಡ್ಲಿ?”

ಅಷ್ಟರಲ್ಲಿ ಅವರ ಸರದಿ ಬಂತು. ಪಾದ್ರಿ ಹಂಫ್ರಿಯನ್ನು ಕೇಳಿದರು: “ಎಷ್ಟು ದಿನದಿಂದ ಕ್ಯಾಥೊಲಿಕ್?”

“ಬೆಳಿಗ್ಗೆಯಿಂದ, ಫಾದರ್.”

ಬಾಲ್ತಸಾರ್ ಅವನ ಕಾಲು ತುಳಿದ. “ಇವನು ಹುಟ್ಟಿದ್ದು ಬೆಳಿಗ್ಗೆ, ಫಾದರ್. ಹುಟ್ಟಿದಾಗಿನಿಂದ ಅಂತಿದಾನೆ.”

ಪಾದ್ರಿ ಇಬ್ಬರ ಮುಖವನ್ನೂ ಬಹಳ ಹೊತ್ತು ನೋಡಿದರು. ಕೆಮ್ಮಿದರು. ಆಮೇಲೆ ಎರಡೂ ಹೆಸರು ಬರೆದುಕೊಂಡರು.

“ಅವರಿಗೆ ಗೊತ್ತಾಗಿದೆ ಕಣೋ,” ಎಂದ ಹಂಫ್ರಿ.

“ಗೊತ್ತಾಗದೆ ಇರುತ್ತಾ? ಅವರ ಮನಸ್ಸು ಬದಲಾಗೋದ್ರೊಳಗೆ ದೋಣಿ ಹತ್ತು, ನಡಿ,” ಎನ್ನುತ್ತ ಬಾಲ್ತಸಾರ್ ಅವನನ್ನು ಎಳೆದುಕೊಂಡೇ ಹೋದ.