ಅಪ್ಪನ ಅಂಗುಲ

ಆಸ್ಪತ್ರೆಯ ಐಸಿಯುವಿನ ಹೊರಗೆ ಬೆಂಚಿನ ಮೇಲೆ, ನನ್ನ ಪಕ್ಕ ಲ್ಯಾಪ್‌ಟಾಪ್ ತೆರೆದು ಒಬ್ಬಾಕೆ ಕೂತಿದ್ದರು. ಆಕೆಯ ತಮ್ಮ ಶತಪಥ ಹಾಕುತ್ತಿದ್ದ. ಒಳಗೆ ಅವರ ತಂದೆ. ಆಪರೇಷನ್ ಮುಗಿದಿತ್ತು, ಎಚ್ಚರವಾಗಿರಲಿಲ್ಲ.

“ಇಲ್ಲೂ ಅದೇ ಕೆಲ್ಸಾನಾ ಅಕ್ಕ?”

“ಸುಮ್ನೆ ಕೂತ್ರೆ ತಲೆ ಕೆಡುತ್ತೆ ಕಣೋ. ಮರದಲ್ಲಿ ಅಕ್ಷರ ಕೆತ್ತೋದು ಹೇಗೆ ಅಂತ ಅಪ್ಪ ಬರೆದಿರೋ ಪುಸ್ತಕದಲ್ಲಿ ಎಲ್ಲಾ ಅಂಗುಲದ ಲೆಕ್ಕ. ಪ್ರೆಸ್ಸಿನವ್ರಿಗೆ ಅಚ್ಚಿನ ಅಳತೆ, ಪಾಯಿಂಟಲ್ಲಿ ಬೇಕು.”

“ಹಳೇ ಲೆಕ್ಕದ ಅಂಗುಲ ಅಂದ್ರೆ ಮುಕ್ಕಾಲು ಇಂಚು. ಇಂಚಿಗೆ ಎಪ್ಪತ್ತೆರಡು ಪಾಯಿಂಟು. ಐವತ್ನಾಲ್ಕು ಹಾಕು, ಮುಗೀತು.”

“ಹಾಕಿದ್ದೆ. ನಿನ್ನೆ ಅಪ್ಪ ಪ್ರೂಫ್ ನೋಡಿ, ‘ಇದ್ಯಾರ ಬೆರಳಮ್ಮ, ನನ್ನದಲ್ಲ’ ಅಂದ್ರು.”

“ಬೆರಳಾ?”

“ಅಂಗುಲ ಅಂದ್ರೆ ಬೆರಳಿನ ಅಗಲ ತಾನೆ? ಉಳಿ ಹಿಡಿದೂ ಹಿಡಿದೂ ಅವರ ಬೆರಳು ಎಷ್ಟು ದಪ್ಪ ಆಗಿದೆ ನೋಡಿಲ್ವಾ?”

“ಆಗ್ಲೇ ಅಳೀಬಾರದಿತ್ತಾ?”

“ಸ್ಕೇಲ್ ತರೋಷ್ಟರಲ್ಲಿ ಎದೆ ಹಿಡ್ಕೊಂಡು ಕೂತ್ಬಿಟ್ರಲ್ಲೋ.”

ತಮ್ಮ ಬಂದು ಅಕ್ಕನ ಪಕ್ಕ ಕೂತ.

ನರ್ಸ್ ಬಾಗಿಲು ತೆರೆದರು. “ಎಚ್ಚರ ಆಗಿದೆ. ಒಬ್ಬರು ಬನ್ನಿ.”

“ಅಳತೆ ತಗೊಂಡ್ಬಿಡಕ್ಕ,” ಎಂದ ತಮ್ಮ.

“ಮೊದ್ಲು ಆ ಕೈ ಹಿಡ್ಕೊಳ್ತೀನಿ ಕಣೋ.”

ಒಬ್ಬರು ಎಂದಿದ್ದರೂ ಇಬ್ಬರೂ ಒಳಗೆ ಹೋದರು.